ಮರಕ್ಕೆ ನಾಲ್ಕು ಕಾಲು

ತಾಯಿ ಇಟ್ಟ ಹೆಸರೇ ಮಗನಿಗೆ ಮುಳುವಾಗಬಹುದು ಎನ್ನುವುದಕ್ಕೆ ನಮ್ಮ ಚೆಕ್‌ಪೋಸ್ಟಿನ ಇನ್ಸ್‌ಪೆಕ್ಟರೇ ಸಾಕ್ಷಿ. ಅವನಿಗಿಂತ ಮುಂಚಿನ ಮೂರು ಕೂಸುಗಳು ಕಣ್ಣು ಬಿಡುವಷ್ಟರಲ್ಲಿ ಹೋಗಿದ್ದವು. ಇದಾದರೂ ಭೂಮಿಯ ಮೇಲೆ ನಿಲ್ಲಲಿ ಎಂದು ತಾಯಿ ತೊಕ್ತೊಸುನ್ ಎಂದು ಕರೆದಳು. ನಮ್ಮ ಕಿರ್ಗಿಜ್ ಮಾತಿನಲ್ಲಿ ಅದರ ಅರ್ಥವೇ ‘ನಿಲ್ಲಲಿ’. ಮಗು ನಿಂತಿತು. ಐವತ್ತಾರು ವರ್ಷ ನಿಂತು, ಈಗ ಅಕ್ರೋಟು ಕಾಡಿನ ದಾರಿಯಲ್ಲಿ ಸರ್ಕಾರಿ ಟೋಪಿ ಹಾಕಿಕೊಂಡು ನಿಂತಿತ್ತು.

ಆದರೆ ಅವನಿಗೆ ಇನ್ನು ಇಲ್ಲಿ ನಿಲ್ಲುವ ಆಸೆ ಇರಲಿಲ್ಲ. ಹೆಂಡತಿ ಓಶ್ ನಗರದಲ್ಲಿ. ಆರು ತಿಂಗಳ ಮೊಮ್ಮಗಳೂ ಅಲ್ಲೇ. ಆ ಕೂಸನ್ನು ಅವನು ಫೋನಿನಲ್ಲಿ ನೋಡಿದ್ದನೇ ಹೊರತು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಮೂರು ವರ್ಷ ಅರ್ಜಿ ಹಾಕಿ ಹಾಕಿ ಕೈ ಸೋತ ಮೇಲೆ, ಜಿಲ್ಲೆಯ ಸಾಹೇಬರು ಹಿಂದಿನ ದಿನ ಹೇಳಿದ್ದರು: “ನಾಳೆ ಸಂಜೆ ನಿನ್ನ ವರ್ಗಾವಣೆಗೆ ಸಹಿ ಹಾಕ್ತೀನಿ. ಅಲ್ಲೀವರೆಗೂ ಒಂದು ಗಲಾಟೆ ಆಗಕೂಡದು.”

ಹೀಗಾಗಿ ಬೆಳಿಗ್ಗೆಯೇ ಅವನು ಗೇಟು ಕಾಯುವ ಅಪಾಜನನ್ನು ಕರೆದು ಹೇಳಿದ. “ಅಪಾಜ್ ಬಾಯ್ಕೆ, ಇವತ್ತು ಕಾಗದ ಸರಿಯಾಗಿರೋ ಗಾಡೀನ ಸುಮ್ಮನೆ ಬಿಟ್ಬಿಡೋಣ. ಕೆಣಕೋದು ಬೇಡ.”

“ಯಾರಿಗೆ ಕೆಮ್ಮು?” ಎಂದ ಅಪಾಜ. ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದ, ಎಲ್ಲರೂ ಬಾಯ್ಕೆ ಅಂದರೆ ಅಣ್ಣ ಎಂದು ಕರೆಯುವ ಆ ಹಿರಿಯ ಅರ್ಧ ಕೇಳಿಸಿಕೊಂಡು ಉಳಿದರ್ಧ ಊಹಿಸಿಕೊಳ್ಳುವವನು.

ಹೋದ ವರ್ಷವಷ್ಟೇ ಹೊಸ ಕಾನೂನು ಬಂದಿತ್ತು. ಅಕ್ರೋಟಿನ ದಿಮ್ಮಿ ದೇಶದ ಗಡಿ ದಾಟುವಂತಿಲ್ಲ, ಇಲ್ಲೇ ಮಾಡಿದ ಮೇಜು ಕುರ್ಚಿ ಹೋಗಬಹುದು. ಕಾಡೂ ಉಳಿದೀತು, ನಮ್ಮ ಬಡಗಿಗೂ ಕೆಲಸ ಸಿಕ್ಕೀತು ಎಂಬ ಒಳ್ಳೆಯ ಯೋಚನೆ. ಆದರೆ ಸರ್ಕಾರ ಚಾಪೆ ಕೆಳಗೆ ತೂರಿದರೆ ವ್ಯಾಪಾರಿ ಬೆಕ್ತುರ್ ರಂಗೋಲಿ ಕೆಳಗೆ ತೂರುವವನು.

ಹತ್ತು ಗಂಟೆಗೆ ಅವನ ಲಾರಿ ಬಂತು, ಹಿಂದೆಯೇ ಕಾರಿನಲ್ಲಿ ಅವನೂ ಬಂದ. ಕಾಗದದಲ್ಲಿ ‘ಊಟದ ಮೇಜು, ಹನ್ನೆರಡು’ ಎಂದಿತ್ತು. ಮೂರು ಮೊಹರು ಬೇರೆ. ಲಾರಿಯ ಮೇಲೆ ಮಾತ್ರ ಇಬ್ಬರು ತಬ್ಬಿದರೂ ತೋಳಿಗೆ ಸಿಗದ ಹನ್ನೆರಡು ದಿಮ್ಮಿಗಳು ಮಲಗಿದ್ದವು. ಒಂದೊಂದರ ಅಡಿಗೂ ಮೂಲಂಗಿ ಗಾತ್ರದ ನಾಲ್ಕು ಗೂಟ ಅಂಟಿಸಿತ್ತು.

“ಇದು ಮೇಜಾ?” ಎಂದ ತೊಕ್ತೊಸುನ್.

“ಮೇಜಲ್ದೆ ಮತ್ತೇನು? ಕಾಲಿದೆ, ಎಣಿಸ್ಕೊಳ್ಳಿ,” ಎಂದ ಬೆಕ್ತುರ್.

“ಸ್ವಲ್ಪ ದಪ್ಪ ಆಯ್ತಲ್ಲ?”

“ದೊಡ್ಡ ಸಂಸಾರದೋರಿಗೆ ಇನ್ಸ್‌ಪೆಕ್ಟ್ರೇ.”

ತೊಕ್ತೊಸುನ್ ಮೊಮ್ಮಗಳನ್ನು ನೆನೆದುಕೊಂಡ. ಹಲ್ಲಿಲ್ಲದ ಬಾಯಿ, ಮುಷ್ಟಿ ಕಟ್ಟಿದ ಕೈ. ಕಣ್ಣು ಮುಚ್ಚಿಕೊಂಡು ನಾಲ್ಕನೆಯ ಮೊಹರು ಒತ್ತಿದ. ಅಪಾಜ ಹಗ್ಗ ಎಳೆದ, ಅಡ್ಡಗಂಬ ಮೇಲೆದ್ದಿತು, ಲಾರಿ ಹೊರಟಿತು.

ಅಷ್ಟರಲ್ಲಿ ಕೋಣೆಯೊಳಗೆ ಫೋನು ಬಡಿದುಕೊಂಡಿತು. ಅಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಮೂಲೆಯಲ್ಲಿ ಮಾತ್ರ. ಆದ್ದರಿಂದ ಫೋನನ್ನು ಅಲ್ಲೇ ಇಟ್ಟು, ಸ್ಪೀಕರ್ ಹಾಕಿ ಮಾತಾಡುವುದು ರೂಢಿ. ತೊಕ್ತೊಸುನ್ ಒಳಗೆ ಹೋಗಿ ಫೋನು ಒತ್ತಿದ್ದೇ ಸಾಹೇಬರ ಗಂಟಲು ಗುಡುಗಿತು:

“ತೊಕ್ತೊಸುನ್! ಏ ತೊಕ್ತೊಸುನ್! ಕೇಳಿಸ್ತಾ? ತೊಕ್ತೊಸುನ್!”

ಸಾಹೇಬರು ಹೆಸರು ಹಿಡಿದು ಕರೆದಿದ್ದರು, ಅಷ್ಟೇ. ಹೊರಗಿದ್ದ ಅಪಾಜನಿಗೆ ಕೇಳಿಸಿದ್ದು ಆಜ್ಞೆ: ನಿಲ್ಲಲಿ! ಏ ನಿಲ್ಲಲಿ! ಜಿಲ್ಲೆಯ ಸಾಹೇಬರೇ ಮೂರು ಸಲ ಕೂಗಿದ ಮೇಲೆ ಯೋಚಿಸುವುದೇನಿದೆ? ಅವನು ಹಗ್ಗ ಬಿಟ್ಟುಬಿಟ್ಟ.

ಅಡ್ಡಗಂಬ ದಬಕ್ಕನೆ ಲಾರಿಯ ಬೆನ್ನಿಗೆ ಬಿತ್ತು. ಡ್ರೈವರ್ ಬೆದರಿ ಏರಿನಲ್ಲೇ ಬ್ರೇಕ್ ಒತ್ತಿದ. ಹಿಂಬದಿಯ ಬಾಗಿಲು ಕಳಚಿ ಹನ್ನೆರಡು ಊಟದ ಮೇಜುಗಳೂ ಉರುಳಿ ರಸ್ತೆಗೆ ಬಂದವು. ಅಂಟಿಸಿದ್ದ ಗೂಟಗಳೆಲ್ಲ ಹಾಲುಹಲ್ಲಿನ ಹಾಗೆ ಉದುರಿದವು.

ರಸ್ತೆ ಬದಿಯಲ್ಲಿ ಟೀ, ಸಮ್ಸಾ ಮಾರುವ ಬುರುಲ್ ಎಜೆ ಸೊಂಟಕ್ಕೆ ಕೈಯಿಟ್ಟು ಬಂದಳು. ಎಜೆ ಅಂದರೆ ಅಕ್ಕ, ಊರಿಗೇ ಅಕ್ಕ ಅವಳು. “ಅಯ್ಯೋ, ಇವು ದಿಮ್ಮಿ ಅಲ್ವೇನೋ!”

“ಮೇಜು! ನಾಲ್ಕು ಕಾಲಿತ್ತು!” ಬೆಕ್ತುರ್ ಕಿರುಚಿದ.

“ನಾಲ್ಕು ಕಾಲಿದ್ರೆ ಮೇಜಾದ್ರೆ, ನಾಳೆಯಿಂದ ನಮ್ಮ ಕತ್ತೆ ಬೆನ್ನ ಮೇಲೇ ಟೀ ಕೊಡ್ತೀನಿ, ಬಂದು ಕುಡಿ.”

ಬೆಕ್ತುರ್ ತೊಕ್ತೊಸುನನ ಕಡೆಗೆ ತಿರುಗಿದ. “ನಾನು ಸೀದಾ ನಿಮ್ಮ ಸಾಹೇಬ್ರ ಹತ್ರ ಹೋಗ್ತೀನಿ. ನಿನ್ನ ವರ್ಗಾವಣೆ ಆಗೋದನ್ನ ನಾನೂ ನೋಡ್ತೀನಿ!” ಎಂದು ಕಾರು ಹತ್ತಿ ಹೋದ.

ಹೇಗಾದರೂ ಇದನ್ನು ಮತ್ತೆ ಮೇಜು ಮಾಡಿ ಕಳಿಸಿಬಿಡಬೇಕು ಎಂದು ತೊಕ್ತೊಸುನ್ ಮಣ್ಣಿನಲ್ಲಿ ಮಂಡಿಯೂರಿ ಗೂಟಗಳನ್ನು ಆಯತೊಡಗಿದ. ಮೂವತ್ತೊಂದು ಸಿಕ್ಕಿದವು. ಅಂಟಿನ ಡಬ್ಬಿ ಯಾರ ಬಳಿಯಿದೆ ಎಂದು ಕೇಳಲು ತಲೆಯೆತ್ತಿದರೆ, ಸುತ್ತ ಇಡೀ ಊರೇ ನಿಂತಿತ್ತು.

“ನೋಡ್ರೋ, ಒಂದೊಂದು ಸಾಕ್ಷೀನೂ ಹೆಂಗೆ ಆಯ್ತಾನೆ!” ಎಂದರು ಯಾರೋ.

ಎಂಬತ್ತೈದರ ಕಾಲಿಚಾ ಅಜ್ಜಿ ಕೋಲೂರಿಕೊಂಡು ಮುಂದೆ ಬಂದಳು. ಒಂದು ದಿಮ್ಮಿಯ ಗಂಟಿನ ಮೇಲೆ ಕೈಯಾಡಿಸಿ ಗುರುತು ಹಿಡಿದಳು.

“ಇದು ಊಟೆಯ ಮೇಲ್ಗಡೆ ಇದ್ದ ಮರ. ಯುದ್ಧದ ಕಾಲದಲ್ಲಿ ಮನೇಲಿ ಹಿಟ್ಟಿಲ್ದೆ ಇದ್ದಾಗ ನಮ್ಮವ್ವ ಇದರ ಕಾಯಿ ಅರೆದು ಕುಡಿಸಿ ನಮ್ಮನ್ನ ಬದುಕಿಸಿದ್ಲು. ಇದಂತೂ ಹೋಯ್ತು. ಇನ್ನೂ ನಲವತ್ತು ಮರಕ್ಕೆ ಕಡಿಯೋಕೆ ಅಂತ ಬಣ್ಣ ಬಳಿದು ಹೋಗಿದಾನೆ ಆ ಪಾಪಿ. ಇವತ್ತು ಈ ಲಾರಿ ದಾಟಿದ್ರೆ ನಾಳೆ ಅವೂ ಹೋಗ್ತಿದ್ವು. ನೀನು ಉಳಿಸ್ದೆ ಮಗನೇ. ನಿಂಗೆ ಸಾವಿರ ರಹಮತ್, ನಿನ್ನ ಹೊಟ್ಟೆ ತಣ್ಣಗಿರ್ಲಿ.”

ಅವಳು ಅವನ ಹಣೆಗೆ ಮುತ್ತಿಟ್ಟಳು. ಕೈತುಂಬ ಗೂಟ ಹಿಡಿದುಕೊಂಡಿದ್ದ ತೊಕ್ತೊಸುನನಿಗೆ ನಾಚಿಕೆಯಾಯಿತು. ಮೂರು ವರ್ಷ ಇವರ ಕಾಯಿ ತಿಂದಿದ್ದೇನೆ, ಇವರ ಊಟೆಯ ನೀರು ಕುಡಿದಿದ್ದೇನೆ, ಒಂದು ದಿನವಾದರೂ ತಲೆಯೆತ್ತಿ ಆ ಮರಗಳನ್ನು ನೋಡಿದೆನೇ ಎನ್ನಿಸಿತು. ಅಂಟು ಕೇಳುವ ಯೋಚನೆಯನ್ನು ಕೈಬಿಟ್ಟ.

ಮಧ್ಯಾಹ್ನ ಫೋನು ಮತ್ತೆ ಬಡಿದುಕೊಂಡಿತು. ಬುದ್ಧಿ ಬಂದಿದ್ದರಿಂದ ಈ ಸಲ ಸ್ಪೀಕರ್ ಆರಿಸಿ, ಕಿಟಕಿಯ ಮೂಲೆಗೇ ತಲೆ ತುರುಕಿ ಮಾತಾಡಿದ.

“ಲಾರಿ ನಿಲ್ಲಿಸಿದ್ದು ಯಾರು? ಬೆಕ್ತುರ್ ಇಲ್ಲಿ ಬಂದು ಬೊಬ್ಬೆ ಹೊಡೀತಿದಾನೆ.”

ಹೊರಗೆ ಅಪಾಜ ಬಿಳುಚಿಕೊಂಡು ನಿಂತಿದ್ದ. ಅವನ ಹೆಸರು ಹೇಳಿದರೆ ಮುಗಿಯುತ್ತಿತ್ತು, ಸಂಜೆಗೆ ಓಶ್. ತೊಕ್ತೊಸುನ್ ಕಣ್ಣು ಮುಚ್ಚಿಕೊಂಡ.

“ನಾನೇ ಸಾಹೇಬ್ರೇ.”

ಅತ್ತ ಕಡೆ ಸಾಹೇಬರು ನಕ್ಕರು. “ಭಲೇ! ಒಂದು ವರ್ಷದಿಂದ ಅವನ ಜುಟ್ಟು ನನ್ನ ಕೈಗೆ ಸಿಕ್ಕಿರ್ಲಿಲ್ಲ ಕಣಯ್ಯ. ನಿನ್ನ ಆರ್ಡರ್ ನನ್ನ ಮುಂದೇನೇ ಇದೆ, ಐದು ಗಂಟೆಗೆ ಸಹಿ ಹಾಕ್ತೀನಿ. ಗಂಟುಮೂಟೆ ಕಟ್ಟಿಕೋ.”

ತೊಕ್ತೊಸುನ್ ದೇವರಿಗೆ ಕೈ ಮುಗಿದ. ಹೊರಗೆ ಓಡಿ ಅಪಾಜನನ್ನು ತಬ್ಬಿಕೊಂಡ. “ಬಾಯ್ಕೆ, ನಿನ್ನಿಂದ ದೊಡ್ಡ ಉಪಕಾರ ಆಯ್ತು! ನಂಗೆ ವರ್ಗಾವಣೆ, ಇವತ್ತೇ!” ಎಂದು ಕೂಗಿ, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋಗಿ ಪೆಟ್ಟಿಗೆ ತೆಗೆದ.

ಅಂಗಿಗಳನ್ನು ಮಡಿಸಿದ. ಮೊಮ್ಮಗಳಿಗೆಂದು ಒಂದು ಚೀಲ ಅಕ್ರೋಟು ಕಟ್ಟಿದ. ನಾಲ್ಕು ಗಂಟೆಗೆ ಕೊನೆಯ ಟೀ ಕುಡಿಯೋಣವೆಂದು ಹೊರಗೆ ಬಂದರೆ ಬುರುಲ್ ಎಜೆಯ ಅಂಗಡಿ ಮುಚ್ಚಿತ್ತು. ಗೇಟಿನಲ್ಲಿ ಅಪಾಜನೂ ಇರಲಿಲ್ಲ. ಹೋಗುವವನಿಗೆ ಬೀಳ್ಕೊಡುಗೆ ಹೇಳಲೂ ಯಾರಿಲ್ಲವಲ್ಲ ಎಂದು ಸ್ವಲ್ಪ ಬೇಜಾರಾಯಿತು.

ಆರು ಗಂಟೆಗೆ ಎರಡು ವ್ಯಾನುಗಳು ಬಂದವು. ಊರಿನವರೆಲ್ಲ ಹಾಡುತ್ತ ಇಳಿದರು. ಬುರುಲ್ ಎಜೆಯ ತಲೆಯ ಮೇಲೆ ರೊಟ್ಟಿಗಳ ಗಂಟಿತ್ತು.

“ಗೆದ್ದು ಬಂದ್ವಿ ತಮ್ಮಾ!”

“ಏನು ಗೆದ್ರಿ ಎಜೆ?”

“ನಿನ್ನನ್ನ! ಪಾಪ, ಅಪಾಜ್ ಬಾಯ್ಕೆ ಅಳ್ತಾ ಬಂದು ಹೇಳ್ದ, ನಿಂಗೆ ವರ್ಗಾವಣೆ ಮಾಡಿದಾರೆ, ನೀನೂ ಕಣ್ಣೊರೆಸ್ಕೊಂಡು ಒಳಗೆ ಹೋದೆ ಅಂತ. ನಮಗೆ ಗೊತ್ತಿಲ್ವಾ? ಕಳ್ಳನ್ನ ಹಿಡಿದ ಅಧಿಕಾರಿಗೆ ಎಲ್ಲಾದ್ರೂ ಇನಾಮು ಕೊಟ್ಟಿದಾರಾ? ಎತ್ತಂಗಡಿ ಮಾಡ್ತಾರೆ! ಬೆಕ್ತುರ್ ಬಾಯಲ್ಲೇ ಹೇಳಿ ಹೋಗಿದ್ನಲ್ಲ. ಐವತ್ತು ಜನ ಹೋಗಿ ಸಾಹೇಬ್ರ ಬಾಗಿಲಲ್ಲಿ ಕೂತ್ಬಿಟ್ವಿ.”

“ಸಾಹೇಬ್ರು... ಏನಂದ್ರು?”

“ಅವನೇ ಕೇಳಿದ್ದು ಕಣ್ರಮ್ಮ, ಅಂತ ಏನೇನೋ ಅಂದ್ರು. ನಾವು ನಂಬ್ತೀವಾ? ಕೊನೆಗೆ ಕಾಲಿಚಾ ಅಜ್ಜಿ ಅವರ ಕೈ ಹಿಡ್ಕೊಂಡು ಅತ್ತಾಗ ಕರಗಿದ್ರು ನೋಡು. ಆರ್ಡರ್ ಹರಿದು ಹಾಕಿದ್ರು. ನೀನು ರಿಟೈರ್ ಆಗೋವರೆಗೂ ಇಲ್ಲೇ ಅಂತ ಬರ್ದುಕೊಟ್ಟಿದಾರೆ!”

ತೊಕ್ತೊಸುನ್ ಆ ಕಾಗದವನ್ನು ಎರಡು ಸಲ ಓದಿದ. ಕಣ್ಣು ತುಂಬಿ ಕೆನ್ನೆಯ ಮೇಲೆ ನೀರು ಇಳಿಯಿತು.

ಕಾಲಿಚಾ ಅಜ್ಜಿ ತನ್ನ ತಲೆವಸ್ತ್ರದ ತುದಿಯಿಂದ ಅದನ್ನು ಒರೆಸಿದಳು. “ನೋಡ್ರೇ, ಎಷ್ಟು ಉಪಕಾರಸ್ಮರಣೆ ಇದೆ ಈ ಹುಡುಗನಿಗೆ!”

ಸುತ್ತ ನಿಂತವರ ಮುಖದಲ್ಲಿ ಅಷ್ಟೊಂದು ಸಂತೋಷವಿತ್ತು. ಅದರ ಹಿಂದೆ ಗುಡ್ಡದ ಮೇಲೆ ನಲವತ್ತು ಮರಗಳೂ ಇದ್ದವು.

“ರಹಮತ್ ಅಜ್ಜಿ, ದೊಡ್ಡ ಉಪಕಾರ ಆಯ್ತು,” ಎಂದ ತೊಕ್ತೊಸುನ್. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಬುರುಲ್ ಎಜೆ ಅವನ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ, ತಾನೇ ಬಿಚ್ಚಿ, ಅಂಗಿಗಳನ್ನು ಮೊಳೆಗೆ ತೂಗುಹಾಕಿದಳು.