ಅಟ್ಟದ ಕೊಬ್ಬರಿಗೆ ರಾಜಮುದ್ರೆ

ನಮ್ಮ ಸೋದರಮಾವನಿಗೂ ಇಂಗ್ಲೆಂಡಿನ ಅರಮನೆಗೂ ಯಾವ ನೆಂಟಸ್ತಿಕೆಯೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವರ ಮಾತು ಕೇಳಿದವರು ಅಲ್ಲಿನ ರಾಜರೆಲ್ಲ ನಮ್ಮ ದಬ್ಬೇಘಟ್ಟದ ಕಡೆಯವರೇ, ಮಾವನ ದಾಯಾದಿಗಳೇ ಎಂದು ತಿಳಿದುಬಿಡುವ ಅಪಾಯವಿದೆ! ಮಾವ ತುರುವೇಕೆರೆಯ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಮೇಷ್ಟ್ರು ನಿವೃತ್ತರಾದರು, ಪಾಠ ನಿವೃತ್ತವಾಗಲಿಲ್ಲ. ಮದುವೆಮನೆಯಲ್ಲಿ ಎಲೆಗೆ ಒಬ್ಬಟ್ಟು ಬೀಳುವ ಹೊತ್ತಿಗೆ ಸರಿಯಾಗಿ ಒಂದನೇ ಚಾರ್ಲ್ಸನ ತಲೆ ಕಡಿಸುತ್ತಾರೆ. ಪಕ್ಕದ ಎಲೆಯವರು ಪಾಪ, ತುಪ್ಪ ಹಾಕಿಸಿಕೊಳ್ಳುವುದನ್ನೂ ಮರೆತು ಕೂತಿರುತ್ತಾರೆ.

ಒಮ್ಮೆ ಸಂಪಿಗೆ ಎಂಬ ಊರಿನ ದೇವಸ್ಥಾನಕ್ಕೆ ಹೋಗುವಾಗ ಬಸ್ಸಿನ ಕಂಡಕ್ಟರ್ ಯಾರೋ ಪುಢಾರಿಗೆ ಸೀಟು ಬಿಡಿಸಿಕೊಟ್ಟ. ಮಾವ ಎದ್ದು ನಿಂತರು.

"ನೋಡಪ್ಪ, ಇಂಗ್ಲೆಂಡಿನ ರಾಜನೇ ಕಾನೂನಿಗೆ ತಲೆ ಬಗ್ಗಿಸಿದ. ಇವರು ಯಾವ ದೊಡ್ಡ ಮನುಷ್ಯರು?"

"ಆಯ್ತು ಬುಡಿ ಸಾ, ಆ ರಾಜ ಹತ್ತಿದ್ರೆ ಅವ್ನುನ್ನೂ ನಿಲ್ಲಿಸ್ತೀನಿ. ಈಗ ನೀವ್ ಕೂತ್ಕಳಿ, ಇಲ್ದಿದ್ರೆ ನಿಮ್ ಸೀಟೂ ಹೋಯ್ತದೆ."

ಮಾವ ತಿರುಗಿ ನೋಡುವಷ್ಟರಲ್ಲಿ ಹೋಗಿಯೇಬಿಟ್ಟಿತ್ತು!

ಹೀಗೆ ಊರಿಗೆಲ್ಲ ಕಾನೂನು ಹೇಳುವ ಮಾವ ಮನೆಯಲ್ಲಿ ಮಾತ್ರ ನಿರಂಕುಶ ದೊರೆ. ಅವರ ಸಿಂಹಾಸನವೆಂದರೆ ಕೊಬ್ಬರಿ ಅಟ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ತನಕ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಮೇಲೆಯೇ ಇಳಿಸುವುದು. ಮಾವ ಏಣಿ ಹತ್ತಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ "ಇಳಿಸಿ" ಎಂದರೆ ಇಳಿಯಿತು, "ಇನ್ನೂ ಇಲ್ಲ" ಎಂದರೆ ಇಲ್ಲ. ಅತ್ತೆಯಾಗಲಿ, ತೋಟ ನೋಡಿಕೊಳ್ಳುವ ಮಗ ಮಂಜುವಾಗಲಿ ಬಾಯಿ ಬಿಡುವಂತಿರಲಿಲ್ಲ.

ಒಂದು ವರ್ಷ ಮಂಜು "ಇನ್ನೊಂದ್ ತಿಂಗ್ಳು ಬುಡಪ್ಪ" ಅಂದ. ಅಂದದ್ದೇ ತಪ್ಪು! ಮಗ ಹೇಳಿದ ಎಂಬ ಒಂದೇ ಕಾರಣಕ್ಕೆ ಮಾವ ಅವತ್ತೇ ಇಳಿಸಿ ಸುಲಿಸಿದರು. ಒಡೆದು ನೋಡಿದರೆ ಅರ್ಧಕ್ಕರ್ಧ ಹಸಿ. ಅತ್ತ ಚಟ್ನಿಗೂ ಆಗದು, ಇತ್ತ ಮಂಡಿಯಲ್ಲಿ ಮಾರಲೂ ಆಗದು. ಅತ್ತೆ ಅದನ್ನೆಲ್ಲ ಗುಡಿಸಿ ಮೂಲೆಗೆ ಹಾಕಿದರು. ಮಾರನೆಯ ಬೆಳಿಗ್ಗೆ ಕಾಫಿ ಬರಲಿಲ್ಲ, ಅಷ್ಟೆ.

"ಕಾಫಿ ಎಲ್ಲೇ?"

"ಇನ್ಮೇಲೆ ನನ್ನೂ ಮಂಜುನ್ನೂ ಕೇಳ್ದೆ ಒಂದ್ ಕಾಯೂ ಇಳಿಸಂಗಿಲ್ಲ. ಒಪ್ಕಳಿ, ಕಾಫಿ ಬತ್ತದೆ."

"ಇದು ಬಂಡಾಯ ಕಣೇ!"

"ಹೂಂ ಕಣ್ರೀ. ಸ್ಕೂಲಲ್ಲಿ ಅದನ್ನೇ ಅಲ್ವಾ ನೀವು ಹೊಗಳಿ ಹೊಗಳಿ ಹೇಳ್ಕೊಟ್ಟಿದ್ದು?"

ರಾಜನೂ ಕಾನೂನಿಗೆ ತಲೆಬಾಗಬೇಕೆಂದು ಇಂಗ್ಲೆಂಡಿನ ಜಾನ್ ದೊರೆಯನ್ನು ಒಪ್ಪಿಸಲು ಎಂಟುನೂರು ವರ್ಷದ ಹಿಂದೆ ಅಲ್ಲಿನ ಪಾಳೇಗಾರರೆಲ್ಲ ಕತ್ತಿ ಹಿಡಿದು ಬರಬೇಕಾಯಿತು. ನಮ್ಮ ಅತ್ತೆಗೆ ಕಾಫಿ ಫಿಲ್ಟರೇ ಸಾಕಾಯಿತು! ಮಧ್ಯಾಹ್ನದೊಳಗೆ ಮಾವ ಶರಣು. "ಜಾನ್ ದೊರೆ ಥರ ಸಹಿ ಹಾಕಿದ್ರಂತೆ?" ಎಂದು ನಾನು ಕೆಣಕಿದರೆ, "ಸಹಿ ಅಲ್ಲ ಕಣ್ಲಾ ದಡ್ಡ, ಜಾನ್ ಒತ್ತಿಸಿದ್ದು ಮುದ್ರೆ!" ಎಂದು ರೇಗಿದರು. ಸೋತರೂ ಪಾಠ ತಪ್ಪಬಾರದು ನೋಡಿ.

ಆದರೆ ಜಾನ್ ಕೊಟ್ಟ ಮಾತು ಉಳಿಸಿಕೊಂಡನೇ? ಇಲ್ಲ. ಮಾವನೂ ಇಲ್ಲ. ಮರುವರ್ಷ ಯಾರಿಗೂ ಹೇಳದೆ ಏಣಿ ಹತ್ತಿ, ಜಾರಿ, ಮೊಣಕಾಲು ಊದಿಸಿಕೊಂಡರು. ಅತ್ತೆ, ಮಂಜು ಸೇರಿ ಬೈದದ್ದಕ್ಕೆ ಸಿಟ್ಟಾಗಿ "ಈ ಸಭೆ ಬರ್ಖಾಸ್ತು!" ಎಂದು ಘೋಷಿಸಿ, ಚೀಲ ಹಿಡಿದು ಕುಂಟುತ್ತಾ ತಿಪಟೂರಿನ ನಮ್ಮ ಮನೆಗೇ ಬಂದುಬಿಟ್ಟರು. ಚಾರ್ಲ್ಸ್ ಕೂಡ ಪಾರ್ಲಿಮೆಂಟನ್ನು ಮನೆಗೆ ಕಳಿಸಿ ಒಬ್ಬನೇ ರಾಜ್ಯ ಆಳಿದನೆಂದು ನಮಗೆ ವಿವರಿಸಿದರು.

"ಅವ್ನು ಸಭೇನ ಮನೆಗೆ ಕಳಿಸ್ದ. ನೀನೇ ಮನೆ ಬಿಟ್ಟು ಬಂದಿದ್ದೀಯಲ್ಲೋ ಅಣ್ಣ!" ಎಂದು ನಮ್ಮಮ್ಮ ನಕ್ಕಳು.

ಮಾವ ನಾಲ್ಕು ದಿನ ಅಮ್ಮನ ಉಪ್ಪಿಟ್ಟು ತಿಂದ ಮೇಲೆ ಹೊರಡಲು ತಾವೇ ಆಟೋ ತರಿಸಿದರು. ಜೊತೆಗೆ ನಾನೂ ಹೋದೆ. ಬಾಗಿಲಲ್ಲೇ ಅತ್ತೆ ಷರತ್ತು ಹಾಕಿದರು: ಏಣಿ ಮುಟ್ಟುವಂತಿಲ್ಲ, ಆಳುಗಳಿಗೆ ನೇರವಾಗಿ ಅಪ್ಪಣೆ ಮಾಡುವಂತಿಲ್ಲ. "ಇಂಗ್ಲೆಂಡಿನ ವಿಲಿಯಂ ರಾಜ, ಮೇರಿ ರಾಣಿಗೂ ಹಿಂಗೇ ಷರತ್ತು ಓದಿ ಹೇಳಿಯೇ ಕಿರೀಟ ಕೊಟ್ಟಿದ್ದು ಕಣ್ಲಾ" ಎಂದು ಮಾವ ನನಗೆ ಪಿಸುಗುಟ್ಟಿ ಒಳಗೆ ಹೋದರು. ಉಳಿದದ್ದು ಒಂದೇ ಹಕ್ಕು. ಎಲ್ಲ ತೀರ್ಮಾನವಾದ ಮೇಲೆ "ಇಳಿಸಿ" ಎನ್ನುವುದು. ಇಂಗ್ಲೆಂಡಿನಲ್ಲೂ ಹಾಗೇ ತಾನೆ? ಪಾರ್ಲಿಮೆಂಟು ಮಾಡಿದ ಕಾನೂನಿಗೆ ರಾಜ ಹೂಂ ಅನ್ನಬೇಕು. ಕೊನೆಯ ಸಲ ಊಹೂಂ ಅಂದು ಮುನ್ನೂರು ವರ್ಷ ದಾಟಿತಂತೆ!

"ಅದೊಂದ್ ಮಾತೂ ಕಿತ್ಕೊಂಡ್ರೆ ಈ ಮನೇಲಿ ನಾನು ಯಾರ್ಲಾ?" ಎಂದು ಮಾವ ಒಮ್ಮೆ ಕೇಳಿದ್ದರು. ಆಗ ಅವರು ನಗುತ್ತಿರಲಿಲ್ಲ.

ಬಹಳ ದಿನದ ಮೇಲೆ ಮಾವನ ಮನೆಗೆ ಹೋಗಿದ್ದ ನಾನು ಈ ವರ್ಷ ಕೊಬ್ಬರಿ ಇಳಿಸುವ ದಿನ ಅಲ್ಲೇ ಇದ್ದೆ. ಏಣಿ ಹಾಕಿತ್ತು, ಚೀಲಗಳು ಬಂದಿದ್ದವು, ಮಂಡಿಯವರಿಗೂ ಹೇಳಿಯಾಗಿತ್ತು. ಆದರೂ ಆಳುಗಳು ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಅತ್ತೆ ಅಟ್ಟದಿಂದ ಒಂದು ಕಾಯಿ ತರಿಸಿ, ಕುರ್ಚಿಯಲ್ಲಿದ್ದ ಮಾವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬಾಗಿಲಲ್ಲಿ ನಿಂತಿದ್ದ ನನಗೇ ಲೊಡಲೊಡ ಕೇಳಿಸಿತು.

"ಏನ್ ಮಾವ, ಬೇಡ ಅಂದುಬಿಡ್ತೀರಾ?" ಎಂದು ರೇಗಿಸಿದೆ. ಮಾವ ತಿರುಗಿ ನೋಡಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕೂಗಿದೆ. ಆಗಲೂ ಇಲ್ಲ.

"ಕಿವಿ ಹೋಗವೆ ಕಣಪ್ಪ" ಎಂದರು ಅತ್ತೆ, ದನಿ ತಗ್ಗಿಸದೆ. "ಎರಡೂವೆ."

"ಮತ್ಯಾಕತ್ತೆ ಅಲ್ಲಾಡಿಸ್ತೀರಿ?"

ಅತ್ತೆ ಕಾಯಿಯನ್ನು ಇನ್ನೊಂದು ಕಿವಿಯ ಹತ್ತಿರ ಹಿಡಿದು, ನಿಧಾನವಾಗಿ, ಆತುರವೇ ಇಲ್ಲದವರಂತೆ ಮತ್ತೆ ಅಲ್ಲಾಡಿಸಿದರು. ಮಾವ ಕಾಯಿಯನ್ನು ನೋಡಲೇ ಇಲ್ಲ. ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅತ್ತೆ ಆಳುಗಳಿಗೆ ಕಾಣದ ಹಾಗೆ ಹೂಂ ಎಂದು ತಲೆಯಾಡಿಸಿದರು.

"ಆಗೈತೆ" ಎಂದರು ಮಾವ, ಇಡೀ ಬೀದಿಗೆ ಕೇಳುವ ಹಾಗೆ. "ಇಳಿಸ್ರಪ್ಪ!"

ಆಳುಗಳು ಎದ್ದರು.