ನಲವತ್ತೇಳು ಪೊಟ್ಟಣದ ಹೊಲಿಗೆ ಮಿಷನ್ನು

"ಮಿಷನ್ ಇಡೋದು ಹೇಗೆ ಅಂತ ನನಗೆ ಹೇಳಿಕೊಡ್ತೀಯಾ? ನನಗೆ?"

ಗೋಡೌನ್ ಸಾಹೇಬರು ಕಿಟಕಿಯ ಗಾಜು ಅದುರುವ ಹಾಗೆ ಗುಡುಗಿದರು. ಆದರೆ ಗುಡುಗಿದ್ದು ಖಾಲಿ ಮನೆಗೆ. ಹೆಂಡತಿ ಬಸ್ಸು ಹತ್ತಿ ಹೋಗಿ ಆಗಲೇ ಹತ್ತು ನಿಮಿಷವಾಗಿತ್ತು. ಆಕೆ ಎದುರಿಗಿದ್ದಾಗ ಸಾಹೇಬರ ಬಾಯಿಂದ ಹೊರಟದ್ದು "ಆಯ್ತು" ಎಂಬ ಒಂದೇ ಮಾತು.

ಹೆಂಡತಿ ಹೇಳಿದ್ದಾದರೂ ಏನು? ಆಕೆ ಇಡೀ ಬೀದಿಗೆ ಬಟ್ಟೆ ಹೊಲಿಯುವ ಟೈಲರಮ್ಮ. ತಂಗಿಗೆ ಕಣ್ಣಿನ ಆಪರೇಷನ್ ಆಗಿದೆ, ಆರು ದಿನ ಜೊತೆಗಿದ್ದು ಭಾನುವಾರ ಬರ್ತೀನಿ ಎಂದು ಹೊರಟವರು, ಚಪ್ಪಲಿ ಮೆಟ್ಟುತ್ತಾ ಹೀಗೆಂದರು:

"ರೀ, ಮಿಷನ್ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದೀನಿ. ಅದು ಹಾಗೇ ಇರ್ಲಿ. ಸರಿಯಾಗಿ ಇಡ್ತೀನಿ ಅಂತ ಏನೂ ಮಾಡೋಕೆ ಹೋಗ್ಬೇಡಿ. ದಮ್ಮಯ್ಯ!"

ಹಳೇ ಬೆಡ್‌ಶೀಟ್! ಪಂಪ್ ಕಾರ್ಖಾನೆಯ ಗೋಡೌನನ್ನು ಮೂವತ್ತೊಂದು ವರ್ಷ ಕಾದ ಮನುಷ್ಯನ ಮನೆಯಲ್ಲಿ, ಕಬ್ಬಿಣದ ಯಂತ್ರವೊಂದಕ್ಕೆ ಹಳೇ ಬೆಡ್‌ಶೀಟ್! ಆ ಗೋಡೌನಿನಲ್ಲಿ ಒಂದೇ ಒಂದು ನಟ್ಟಿಗೆ ತುಕ್ಕು ಹಿಡಿದದ್ದಿಲ್ಲ, ಒಂದು ವಾಷರ್ ಕಳೆದುಹೋದದ್ದಿಲ್ಲ. ಹಾಗಂತ ಸಾಹೇಬರೇ ಹೇಳಿಕೊಳ್ಳುತ್ತಿದ್ದುದಲ್ಲ; ನಿವೃತ್ತಿಯ ದಿನ ಕಂಪನಿಯೇ ದಪ್ಪ ಕಾಗದದ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸಿ, ಮೊಹರು ಒತ್ತಿ, ಪ್ರಶಸ್ತಿ ಪತ್ರ ಕೊಟ್ಟಿತ್ತು. ನೋಡಬೇಕೆಂದರೆ ತೋರಿಸಲು ಅದು ಮನೆಯಲ್ಲಿಲ್ಲ, ಅಷ್ಟೇ. ನಾಲ್ಕು ವರ್ಷದ ಹಿಂದೆ ಈ ಮನೆಗೆ ಬರುವಾಗ ಎಲ್ಲೋ ಕಳೆದುಹೋಯಿತು. ಸಾಹೇಬರು ಮೊದಲು ಸಾಮಾನು ಸಾಗಿಸಿದವರನ್ನು ಬೈದರು, ಆಮೇಲೆ ಇಲಿಗಳನ್ನು ಬೈದರು, ಕಡೆಗೆ ಏನೂ ಅರಿಯದ ಭಾವಮೈದನನ್ನು ಬೈದು ಒಂದು ವರ್ಷ ಮಾತು ಬಿಟ್ಟರು. ಪತ್ರಕ್ಕೆಂದೇ ಹೊಡೆದ ಮೊಳೆ ನಡುಮನೆಯ ಗೋಡೆಯಲ್ಲಿ ಇನ್ನೂ ಇದೆ.

ಇರಲಿ. ಪತ್ರ ಹೋದರೆ ಹೋಯಿತು, ವಿದ್ಯೆ ಹೋಗುತ್ತದೆಯೇ? ಸಾಹೇಬರು ಲುಂಗಿ ಮೇಲೆತ್ತಿ ಕಟ್ಟಿದರು. "ಭಾನುವಾರ ಬಂದು ನೋಡ್ಲಿ. ಮಿಷನ್ ಇಡೋದು ಅಂದ್ರೆ ಏನು ಅಂತ ಲೋಕಕ್ಕೇ ತೋರಿಸ್ತೀನಿ!"

ಗೋಡೌನಿನ ನಿಯಮ ಮೂರೇ. ಬಿಚ್ಚು, ಬಳಿ, ಬರೆ. ಯಂತ್ರವನ್ನು ಬಿಚ್ಚಬೇಕು, ಪ್ರತಿ ಭಾಗಕ್ಕೂ ಗ್ರೀಸ್ ಬಳಿಯಬೇಕು, ಕಾಗದದಲ್ಲಿ ಸುತ್ತಿ, ನಂಬರ್ ಹಾಕಿ, ರಿಜಿಸ್ಟರಿನಲ್ಲಿ ಬರೆಯಬೇಕು. ಸಾಹೇಬರ ಬಳಿ ಹಳೆಯ ಪ್ರೀತಿಗೆಂದು ತಂದಿಟ್ಟುಕೊಂಡಿದ್ದ ಒಂದು ಡಬ್ಬಿ ಹಳದಿ ಗ್ರೀಸ್ ಇತ್ತು. ಪಂಪಿನ ದೊಡ್ಡ ದೊಡ್ಡ ಗೇರುಗಳಿಗೆ ಬಳಿಯುವಂಥದ್ದು. ಟೈಲರಮ್ಮ ತಿಂಗಳಿಗೊಮ್ಮೆ ಎರಡು ಹನಿ ಎಣ್ಣೆ ಬಿಡುತ್ತಿದ್ದ ಸಣ್ಣ ಸಣ್ಣ ರಂಧ್ರಗಳಿಗೆಲ್ಲ ಸಾಹೇಬರು ಬೆರಳಿನಿಂದ ಗ್ರೀಸ್ ತುರುಕಿದರು. ಹಿಡಿಯಷ್ಟು ಸಾಲದೆಂದು ಇನ್ನೊಂದು ಹಿಡಿ! ಮಂಗಳವಾರ ಸಂಜೆಯ ಹೊತ್ತಿಗೆ ಮಿಷನ್ನು ಹೋಗಿ ನಲವತ್ತೇಳು ಪೊಟ್ಟಣಗಳಾದವು.

ಇನ್ನು ಇಡುವ ಜಾಗ. ಒಂದು ಜಾತಿಯ ಸಾಮಾನು ಒಂದೇ ಕಡೆ ಇರಬೇಕು ಎನ್ನುವುದು ಗೋಡೌನಿನ ಧರ್ಮ. ಹಾಗಾಗಿ ಮಿಷನ್ನಿನ ಬೆಲ್ಟು ಬೀರುವಿನಲ್ಲಿ ಸಾಹೇಬರ ಸೊಂಟದ ಬೆಲ್ಟುಗಳ ಪಕ್ಕ ನೇತಾಡಿತು. ಚಕ್ರ ಹೋಗಿ ಸೈಕಲ್ಲಿನ ಬದಿಗೆ ಒರಗಿತು. ಬಟ್ಟೆಯನ್ನು ಒತ್ತಿ ಹಿಡಿಯುವ ಪುಟ್ಟ ಪಾದ ಚಪ್ಪಲಿ ಸ್ಟ್ಯಾಂಡ್ ಸೇರಿತು. ಪಾದ ಅಂದಮೇಲೆ ಇನ್ನೆಲ್ಲಿ? ಬಿಡಿ ಸ್ಕ್ರೂ ಹನ್ನೊಂದು ಉಳಿದಿದ್ದವು. ಅವಕ್ಕೆ ಪೊಟ್ಟಣ ಯಾಕೆಂದು ಮನೆಯ ಸ್ಕ್ರೂ ಡಬ್ಬಿಗೇ ಸುರಿದರು. ಅಲ್ಲಿ ಫ್ಯಾನಿನದು, ಬಾಗಿಲಿನದು, ಯಾತರದೋ ಎಂದು ಮುನ್ನೂರು ಸ್ಕ್ರೂಗಳು ಮೊದಲೇ ಸಂಸಾರ ಹೂಡಿದ್ದವು.

ಮಿಷನ್ನಿನ ಕಬ್ಬಿಣದ ಸ್ಟ್ಯಾಂಡನ್ನು ಗೋಡೆಗೆ ತಳ್ಳುವಾಗ, ಎಡಗಡೆಯ ಹಿಂಗಾಲಿನ ಕೆಳಗಿಂದ ಏನೋ ಹೊರಬಂತು. ಕಪ್ಪು ಬಟ್ಟೆಯಲ್ಲಿ ಸುತ್ತ ಹೊಲಿದಿದ್ದ, ಬೆಂಕಿಪೊಟ್ಟಣದಷ್ಟಗಲದ, ಧೂಳು ಮೆತ್ತಿದ ಒಂದು ಚೌಕ. ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿ ಮೂಗು ಮುರಿದರು. ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆದರು: "ಕೊಳಕು ಚೌಕ, ಒಂದು. ನಿರುಪಯುಕ್ತ. ವಿಲೇವಾರಿ." ವಿಲೇವಾರಿ ಅಂದರೆ ಒಮ್ಮೆಲೇ ಎಸೆಯುವುದಲ್ಲ. ಮೂವತ್ತು ದಿನ ಕಾಯಬೇಕು, ಅದೂ ನಿಯಮ. ಚೌಕ ಹಿಂದಿನ ಅಂಗಳದ ಗುಜರಿ ಬಕೆಟ್ಟಿಗೆ ಬಿತ್ತು.

ಬುಧವಾರ, ಗುರುವಾರ, ಶುಕ್ರವಾರ ಸಾಹೇಬರು ರಾಜನ ಹಾಗೆ ನಿದ್ದೆ ಮಾಡಿದರು.

ಶನಿವಾರ ಬೆಳಿಗ್ಗೆ ಮಹಡಿ ಮೇಲಿನ ನರ್ಸಮ್ಮ ಇಳಿದುಬಂದರು. ಟೈಲರಮ್ಮನನ್ನು ಅಕ್ಕ ಎಂದೂ ಸಾಹೇಬರನ್ನು ಭಾವ ಎಂದೂ ಕರೆಯುವ ಸಲುಗೆ ಅವರದು.

"ಭಾವ, ಅಕ್ಕ ನಾಳೆ ಬೆಳಿಗ್ಗೇನೇ ಬರ್ತಾರಲ್ವಾ? ನನ್ನ ಬಿಳಿ ಕೋಟು ಕತ್ತರಿಸಿ ಇಟ್ಟಿದಾರೆ. ಬಂದ ತಕ್ಷಣ ಹೊಲಿದು ಕೊಡ್ತೀನಿ ಅಂದಿದಾರೆ."

"ಏನು ಅವಸರ ತಾಯಿ?"

"ಸೋಮವಾರದಿಂದ ನಾನು ಹೆಡ್ ನರ್ಸ್ ಭಾವ! ಹದಿನೆಂಟು ವರ್ಷ ಕಾದಿದೀನಿ. ಬೆಳಿಗ್ಗೆ ಎಂಟಕ್ಕೆ ಹೊಸ ಕೋಟು ಹಾಕ್ಕೊಂಡು ಎಲ್ಲರ ಮುಂದೆ ನಿಲ್ಬೇಕು. ಅಕ್ಕ ಇದಾರೆ ಅನ್ನೋ ಧೈರ್ಯ. ಹೇಳಿದ ದಿನಕ್ಕೆ ಕೊಡದೇ ಇದ್ದದ್ದು ಅಕ್ಕನ ಚರಿತ್ರೇಲೇ ಇಲ್ಲ, ಅಲ್ವಾ?"

ಇರಲಿಲ್ಲ. ಜ್ವರವಿದ್ದರೂ, ಕರೆಂಟು ಹೋದರೂ, ನೆಂಟರು ಬಂದರೂ ಟೈಲರಮ್ಮ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟೇ ಕೊಡುತ್ತಿದ್ದರು. ಮದುವೆಯಾದ ವರ್ಷ ತಮ್ಮದೇ ದುಡಿಮೆಯಿಂದ ಕೊಂಡ ಮಿಷನ್ನು ಅದು. ಆ ಮಿಷನ್ನು ಈಗ ಬೀರು, ಸೈಕಲ್ಲು, ಚಪ್ಪಲಿ ಸ್ಟ್ಯಾಂಡುಗಳಲ್ಲಿ ಹಂಚಿಹೋಗಿತ್ತು.

"ಅಯ್ಯೋ, ಅದಕ್ಕೇನಂತೆ!" ಎಂದರು ಸಾಹೇಬರು, ಬಾಗಿಲು ಹಾಕಿಕೊಳ್ಳುತ್ತಾ.

ಬಿಚ್ಚಿದವನಿಗೆ ಜೋಡಿಸಲು ಬಾರದೇ? ರಿಜಿಸ್ಟರ್ ತೆರೆದು, ಡಬ್ಬಿಯಿಂದ ಕೈಗೆ ಸಿಕ್ಕ ಸ್ಕ್ರೂಗಳನ್ನು ಹಿಡಿದು ಕುಳಿತರು. ಮಧ್ಯಾಹ್ನದ ಹೊತ್ತಿಗೆ ಮಿಷನ್ನು ಮಿಷನ್ನಿನ ಹಾಗೇ ಕಾಣತೊಡಗಿತು. ಮೂರು ಪೊಟ್ಟಣ ಮಾತ್ರ ಉಳಿದಿದ್ದವು. ಸಾಹೇಬರು ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇವು ಹೆಚ್ಚುವರಿ. ಕಂಪನಿಯವರು ಸುಮ್ನೆ ಹಾಕಿರ್ತಾರೆ" ಎಂದು ತೀರ್ಪು ಕೊಟ್ಟರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು!

ಪರೀಕ್ಷೆಗೊಂದು ಬಟ್ಟೆ ಬೇಕಲ್ಲ? ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದ ಬಿಳಿ ತುಂಡು. ಸೂಜಿಯ ಕೆಳಗಿಟ್ಟು ಪೆಡಲ್ ತುಳಿದರು. ಚಕ್ರ ಮುಂದೆ ತಿರುಗುವ ಬದಲು ಹಿಂದೆ ತಿರುಗಿತು. ದಾರ ಮುದ್ದೆಗಟ್ಟಿತು. ಸ್ಟ್ಯಾಂಡು ಗಡಗಡ ಕುಣಿಯಿತು. ಸಾಹೇಬರು ನೆಲ ಹಾಕಿದ ಮೇಸ್ತ್ರಿಯನ್ನು ಬೈದು ಇನ್ನೂ ಜೋರಾಗಿ ತುಳಿದರು. ಎಲ್ಲೆಲ್ಲಿ ಗ್ರೀಸ್ ತುರುಕಿದ್ದರೋ ಅಲ್ಲಲ್ಲಿಂದ ಅದು ಹುಳುವಿನಂತೆ ಹೊರಬಂದು ಬಟ್ಟೆಯ ಮೇಲೆ ಪಚಕ್ಕನೆ ಬಿತ್ತು. ಆಗ ಸಾಹೇಬರು ಆ ಬಿಳಿ ತುಂಡನ್ನು ಬಿಡಿಸಿ ನೋಡಿದರು. ಅದು ಹೆಡ್ ನರ್ಸಿನ ಕೋಟಿನ ಜೇಬು!

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಟೈಲರಮ್ಮ ಒಳಗೆ ಕಾಲಿಟ್ಟರು. ನೋಡಿದರು. ಮಿಷನ್ನು ನೋಡಿದರು, ಮೂರು ಪೊಟ್ಟಣ ನೋಡಿದರು, ಹಳದಿ ಜೇಬು ನೋಡಿದರು. ಚೀಲ ಕೆಳಗಿಟ್ಟರು.

"ಏನ್ರೀ ಇದು?"

ತಪ್ಪಾಯಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

"ನೋಡೇ, ಇಟ್ಟಿದ್ದು ಸರಿಯಾಗೇ ಇದೆ. ತೆಗೆದದ್ದೇ ತಪ್ಪು. ನೂರು ವರ್ಷ ಬಿಟ್ಟು ಬಂದಿದ್ರೂ ಒಂದು ಚೂರು ತುಕ್ಕು ತೋರಿಸು ನೋಡೋಣ!"

"ನಾನು ಹೋಗಿದ್ದು ಆರು ದಿನಕ್ಕೆ ಕಣ್ರೀ!"

"ನಮ್ಮ ಗೋಡೌನಿನಲ್ಲಿ ಮೂವತ್ತೊಂದು ವರ್ಷ..."

"ನಿಮ್ಮ ಗೋಡೌನಿಂದ ಯಾರಾದ್ರೂ ಒಂದು ಸಲ ಒಂದು ನಟ್ಟು ಕೇಳಿದ್ರಾ?"

ಸಾಹೇಬರು ಯೋಚಿಸಿದರು. ಕೇಳಿದವರಿಗೆ ಸಾಮಾನು ಕೊಡುವ ಕಿಟಕಿ ಪಕ್ಕದ ಕಟ್ಟಡದಲ್ಲಿತ್ತು. ತಮ್ಮದು ಹಳೆಯ ಮಾದರಿಯ ಸಾಮಾನುಗಳ ಗೋಡೌನು. ಕಡೆಗೆ ಕಂಪನಿಯವರು ಎಲ್ಲವನ್ನೂ ಗ್ರೀಸಿನ ಸಮೇತ ಗುಜರಿಗೆ ಹಾಕಿದ್ದರು. ಆಗಲೂ ಒಂದೊಂದೂ ಫಳಫಳ ಹೊಳೆಯುತ್ತಿತ್ತು!

"ಅದು ಬೇರೆ ವಿಷಯ," ಎಂದರು.

"ಸೀಮೆಎಣ್ಣೆ ತನ್ನಿ. ಹಳೇ ಬಟ್ಟೆ ತನ್ನಿ. ಆ ನಿಮ್ಮ ರಿಜಿಸ್ಟರೂ ತನ್ನಿ. ಸಂಜೆ ಐದಕ್ಕೆ ಕೋಟು ಮಹಡಿ ಹತ್ತಬೇಕು."

ಟೈಲರಮ್ಮ ಕೂಗಾಡಲಿಲ್ಲ. ಸಾಹೇಬರಿಗೆ ಅದರಿಂದಲೇ ಹೆಚ್ಚು ಭಯವಾಯಿತು. ಇಬ್ಬರೂ ನೆಲದ ಮೇಲೆ ಕುಳಿತು ಎಲ್ಲವನ್ನೂ ಮತ್ತೆ ಬಿಚ್ಚಿದರು. ಒರೆಸಿದರು, ತೊಳೆದರು, ಮತ್ತೆ ಒರೆಸಿದರು. ಸಾಹೇಬರು ರಿಜಿಸ್ಟರ್ ನೋಡಿ ಒಂದೊಂದಾಗಿ ಕೊಡುತ್ತಾ ಹೋದರು. ಹದಿನಾಲ್ಕು ಅಂದರೆ ಹದಿನಾಲ್ಕು, ಇಪ್ಪತ್ತೊಂಬತ್ತು ಅಂದರೆ ಇಪ್ಪತ್ತೊಂಬತ್ತು! ಹೆಚ್ಚುವರಿ ಮೂರಕ್ಕೂ ಜಾಗ ಸಿಕ್ಕಿತು. ಸ್ಕ್ರೂ ಡಬ್ಬಿಯನ್ನು ಮೊರಕ್ಕೆ ಸುರಿದುಕೊಂಡು ಟೈಲರಮ್ಮ ಬೆರಳ ತುದಿಯಲ್ಲೇ ತಮ್ಮ ಹನ್ನೊಂದನ್ನು ಆರಿಸಿ ತೆಗೆದರು. ಹಾಳಾದ ಜೇಬಿಗೆ ಬದಲು ಜೇಬು ಎಲ್ಲಿಂದ? "ನಿಮ್ಮ ಹೊಸ ಬಿಳಿ ಶರ್ಟು ಕೊಡಿ" ಎಂದರು, ಕತ್ತರಿ ಹಿಡಿದು. ಸಾಹೇಬರು ಬೀರುವಿನಿಂದ ತಂದು ಕೊಟ್ಟರು.

ಮೂರೂವರೆಗೆ ಮಿಷನ್ನು ಸಿದ್ಧವಾಯಿತು. ಸಾಹೇಬರ ಮೀಸೆ ಮತ್ತೆ ಮೇಲೆದ್ದಿತು.

"ನೋಡಿದ್ಯಾ? ರಿಜಿಸ್ಟರ್ ಇಲ್ದೇ ಇದ್ದಿದ್ರೆ ಇವತ್ತು ನಿನ್ನ ಗತಿ ಏನಾಗ್ತಿತ್ತು?"

ಟೈಲರಮ್ಮ ಪೆಡಲ್ ತುಳಿದರು. ಸ್ಟ್ಯಾಂಡು ಗಡಗಡ ಕುಣಿಯಿತು. ಹೊಲಿಗೆ ಹಾವಿನಂತೆ ಸೊಟ್ಟಗೆ ಓಡಿತು. ಅವರು ಬಗ್ಗಿ ಸ್ಟ್ಯಾಂಡಿನ ಕಾಲಿನ ಕೆಳಗೆ ನೋಡಿದರು. ಮೊದಲ ಬಾರಿಗೆ ಅವರ ದನಿ ಏರಿತು.

"ಇಲ್ಲಿದ್ದ ಕಪ್ಪು ಒತ್ತು ಎಲ್ರೀ?"

"ಆ ಕೊಳಕಾ? ಕೊನೇ ಪುಟ. ನಿರುಪಯುಕ್ತ, ವಿಲೇವಾರಿ."

"ಅದಿಲ್ದೇ ಮಿಷನ್ ನಿಲ್ಲಲ್ಲ! ತನ್ನಿ ಮೊದಲು! ನಾಲ್ಕು ಗಂಟೆ ಆಗ್ತಾ ಬಂತು!"

ರಟ್ಟು ಇಟ್ಟು ನೋಡಿದರು, ಕುಗ್ಗಿತು. ಮರದ ಚೂರು ಇಟ್ಟು ನೋಡಿದರು, ಜಾರಿತು. ಸಾಹೇಬರು ಗೊಣಗುತ್ತಾ ಗುಜರಿ ಬಕೆಟ್ಟಿನಿಂದ ಚೌಕ ತಂದರು. ಆದರೆ ಸುಮ್ಮನೆ ಕೊಟ್ಟರೆ ಸೋತಂತಾಗಲಿಲ್ಲವೇ?

"ಇದರೊಳಗೆ ಅಂಥ ವಜ್ರ ಏನಿದೆ ಅಂತ ನಾನೂ ನೋಡ್ತೀನಿ!"

"ಬೇಡ ರೀ, ಬಿಚ್ಬೇಡಿ..."

ಬೇಡ ಎಂದ ಮೇಲೆ ಬಿಡುವ ಜಾಯಮಾನವೇ? ಕತ್ತರಿಯಿಂದ ಹೊಲಿಗೆ ಬಿಡಿಸಿಯೇ ಬಿಟ್ಟರು. ಒಳಗೆ ಒತ್ತೊತ್ತಾಗಿ ಮಡಿಸಿದ ದಪ್ಪ ಕಾಗದ. ಒಂದು ಮಡಿಕೆ ಬಿಡಿಸಿದರು, ಮೊಹರು ಕಂಡಿತು. ಇನ್ನೊಂದು ಬಿಡಿಸಿದರು, ಬಂಗಾರದ ಬಣ್ಣದ ಅಕ್ಷರ ಕಂಡಿತು: "ಒಂದು ನಟ್ಟಿಗೂ ತುಕ್ಕು ಹಿಡಿಯಗೊಡದ, ಒಂದು ವಾಷರನ್ನೂ ಕಳೆಯದ..."

ನಾಲ್ಕು ವರ್ಷ! ಇಲಿಗಳು! ಭಾವಮೈದ!

"ಇದು... ಇದು ಇಲ್ಲಿ..."

"ಈ ಮನೆಗೆ ಬಂದ ದಿನ ಮಿಷನ್ ಅಲುಗಾಡ್ತಿತ್ತು. ಮಾರನೇ ದಿನ ಕೊಡಬೇಕಾದ ಬಟ್ಟೆ ಇತ್ತು. ಕೈಗೆ ಇದು ಸಿಕ್ತು. ಮಡಿಸಿ ಇಟ್ರೆ ದಪ್ಪ ಅಳತೆ ತಗೊಂಡ ಹಾಗೆ ಸರಿಯಾಗಿತ್ತು. ಆಮೇಲೆ ಕೊಡೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ಕೂಗಾಡೋಕೆ ಶುರು ಮಾಡಿದ್ರಿ. ಹೇಳೋಕೆ ಭಯ ಆಯ್ತು."

"ನನ್ನ ಮರ್ಯಾದೆನ ಕಾಲ ಕೆಳಗೆ ಹಾಕಿದ್ಯಲ್ಲೇ!"

ಭಯ ಆಯ್ತು ಎಂದವರು ಈಗ ಸೊಂಟದ ಮೇಲೆ ಕೈಯಿಟ್ಟರು.

"ಯಾಕ್ರೀ? ತುಕ್ಕು ಹಿಡಿದಿದ್ಯಾ? ಇಲಿ ತಿಂದಿದ್ಯಾ? ಒಂದು ಮೂಲೆ ಹರಿದಿದ್ಯಾ? ಬಟ್ಟೆ ಸುತ್ತಿ, ನಾಲ್ಕೂ ಕಡೆ ಹೊಲಿದು, ನಾಲ್ಕು ವರ್ಷ ಜೋಪಾನ ಮಾಡಿದೀನಿ. ಇಟ್ಟಿದ್ದು ಸರಿಯಾಗೇ ಇದೆ. ನೀವು ತೆಗೆದದ್ದೇ ತಪ್ಪು!"

ಸಾಹೇಬರು ಗೋಡೆಯ ಮೊಳೆ ನೋಡಿದರು. ಮೇಜಿನ ಮೇಲಿನ ಬಿಳಿ ಕೋಟು ನೋಡಿದರು. ಮಹಡಿಯ ಮೇಲೆ ನರ್ಸಮ್ಮ ಅತ್ತಿಂದಿತ್ತ ಓಡಾಡುವ ಸದ್ದು ಕೇಳಿಸುತ್ತಿತ್ತು. ಗಡಿಯಾರದಲ್ಲಿ ನಾಲ್ಕು. ಹದಿನೆಂಟು ವರ್ಷ ಕಾದಿದೀನಿ ಅಂದಿದ್ದಳಲ್ಲ ಆ ಹೆಣ್ಣುಮಗಳು!

ಸಾಹೇಬರು ಪತ್ರವನ್ನು ಮತ್ತೆ ಮೊದಲಿನ ಮಡಿಕೆಗಳಲ್ಲೇ ಮಡಿಸಿ ಕಪ್ಪು ಬಟ್ಟೆಯಲ್ಲಿ ಸುತ್ತಿದರು. ಮಂಡಿಯೂರಿ, ಸ್ಟ್ಯಾಂಡಿನ ಎಡಗಡೆಯ ಹಿಂಗಾಲನ್ನು ತಾವೇ ಎತ್ತಿ ಅದನ್ನು ಕೆಳಗಿಟ್ಟರು. ಟೈಲರಮ್ಮ ಪೆಡಲ್ ತುಳಿದರು. ಮಿಷನ್ನು ಕಲ್ಲಿನಂತೆ ನಿಂತು ಟಕಟಕನೆ ಓಡಿತು.

ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಕೋಟು ಮಹಡಿ ಹತ್ತಿತು. "ಭಾವ, ಜೇಬು ಎಷ್ಟು ಚೆನ್ನಾಗಿದೆ!" ಎಂದು ನರ್ಸಮ್ಮ ಮೇಲಿಂದಲೇ ಕೂಗಿದರು. ಸಾಹೇಬರು ಮೊದಲು ಭಾವಮೈದನಿಗೆ ಫೋನ್ ಮಾಡಿ, ಯಾಕೆಂದು ಹೇಳದೆ, "ಊಟಕ್ಕೆ ಬಾರಯ್ಯ" ಎಂದರು. ಆಮೇಲೆ ರಿಜಿಸ್ಟರ್ ತೆರೆದು, "ಆದ್ರೂ ಹುಡುಕಿದ್ದು ನಾನೇ ತಾನೇ!" ಎಂದು ಹೆಂಡತಿಗೆ ಕೇಳಿಸುವಂತೆ ಹೇಳಿ ಹೊಸ ಸಾಲು ಬರೆದರು:

"ಸಂಖ್ಯೆ ನಲವತ್ತೆಂಟು. ಪ್ರಶಸ್ತಿ ಪತ್ರ, ಒಂದು. ಸ್ಥಳ: ಮಿಷನ್ನಿನ ಎಡ ಹಿಂಗಾಲು. ಸ್ಥಿತಿ: ಬಳಕೆಯಲ್ಲಿದೆ."

ಕೈ ತೊಳೆದು ಬಂದು ನೋಡಿದರೆ, ಅದರ ಕೆಳಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಇನ್ನೊಂದು ಸಾಲು ಸೇರಿತ್ತು:

"ಸರಿಯಾಗಿ ಇಡ್ತೀನಿ ಅಂತ ಯಾರೂ ಮುಟ್ಟಬಾರದು. ದಮ್ಮಯ್ಯ!"