ಮೂರನೇ ಓಣಿಯ ಏಣಿ ಹಾಗೂ ಅದಕ್ಕೆ ಸಂಬಂಧಿಸಿದ ಸೌಟುಗಳು

ಸಂಖ್ಯೆ: ನೆಸಬ/ಏಣಿ-1/ಸೌಟು/27
ದಿನಾಂಕ: ನೀರು ಇಳಿದ ನಾಲ್ಕನೇ ದಿನ

ಸುತ್ತೋಲೆ

ವಿಷಯ: ಕಷ್ಟಕಾಲದಲ್ಲಿ ನೆರೆಹೊರೆಯವರು ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಮಾಡುವ ಯೋಜನೆಯಡಿ, ಮೂರನೇ ಓಣಿಯ ಏಕೈಕ ಏಣಿಯ ಸುಪರ್ದಿನ ಬಗ್ಗೆ.

ಉಲ್ಲೇಖ:
1. ಸದರಿ ಏಣಿಯನ್ನು ಉಗ್ರಾಣಕ್ಕೆ ಸಾಗಿಸಿದ ಈ ಕಚೇರಿಯ ಹಿಂದಿನ ಸುತ್ತೋಲೆ.
2. ಮಂಗಳವಾರ ಬಂದ ನೀರು (ಸೊಂಟದವರೆಗೆ).
3. ಹೊಲಿಗೆಯಕ್ಕ ಕಿಟಕಿಯ ಹೊರಗಿನಿಂದ ಸಲ್ಲಿಸಿದ ಮೌಖಿಕ ಅಹವಾಲು.

ಪ್ರಸ್ತಾವನೆ:

ಸದರಿ ಏಣಿಯು ಹೊಲಿಗೆಯಕ್ಕನ ಮನೆಯ ಗೋಡೆಗೆ ಒರಗಿಕೊಂಡಿರುತ್ತಿತ್ತು. ಅದನ್ನು ಒಯ್ಯುವವರು ಅಲ್ಲಿನ ಮೊಳೆಗೆ ತಮ್ಮ ಮನೆಯ ಸೌಟನ್ನು ನೇತುಹಾಕಿ ಹೋಗುವುದು ರೂಢಿ. ಯಾವ ಸೌಟು ಯಾರ ಮನೆಯದೆಂಬುದು ಓಣಿಗೆಲ್ಲ ಗೊತ್ತು. ಸೌಟಿಲ್ಲದೆ ರಾತ್ರಿಯೂಟ ಬಡಿಸಲಾಗದ್ದರಿಂದ ಏಣಿಯು ಹೊತ್ತು ಮುಳುಗುವುದರೊಳಗೆ ತಾನಾಗಿಯೇ ಮರಳುತ್ತಿತ್ತು. ಈ ವ್ಯವಸ್ಥೆಯಲ್ಲಿ ರಿಜಿಸ್ಟರ್, ರಸೀದಿ, ಮೊಹರು ಯಾವುದೂ ಇಲ್ಲದಿರುವುದನ್ನು ಗಂಭೀರವಾಗಿ ಪರಿಗಣಿಸಿ, ಅದನ್ನು ಬಲಪಡಿಸುವ ಸಲುವಾಗಿ ಏಣಿಯನ್ನು ಈ ಕಚೇರಿಯ ಉಗ್ರಾಣದಲ್ಲಿಟ್ಟು ಬೀಗ ಹಾಕಲಾಯಿತು.

ಮಂಗಳವಾರ ನೀರು ನುಗ್ಗಿದಾಗ ಹೊಲಿಗೆಯಕ್ಕನ ಅತ್ತೆಯವರನ್ನು ಅಟ್ಟಕ್ಕೆ ಹತ್ತಿಸಲು ಏಣಿ ಇರಲಿಲ್ಲ. ಎಂಬತ್ತೆರಡರ ಆ ಹಿರಿಯರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹೊಲಿಗೆ ಯಂತ್ರವನ್ನು ಅಪ್ಪಿಕೊಂಡು ಕುಳಿತಿದ್ದರು. ಏಣಿ ಕೇಳಿಕೊಂಡು ಬಂದ ಸೊಸೆಗೆ ನಮೂನೆ-6 ನೀಡಲಾಯಿತು. ಭರ್ತಿ ಮಾಡಿದ ನಮೂನೆಯು ಒದ್ದೆಯಾಗಿದ್ದ ಕಾರಣ ತಿರಸ್ಕರಿಸಲಾಯಿತು. ಆಗ ಆಕೆಯ ಅಹವಾಲನ್ನು ಹೇಳಿದಂತೆಯೇ ದಾಖಲಿಸಲಾಗಿದೆ: “ನೀವು ಕಾಗದ ಒಣಗಿಸ್ತಾ ಕೂತಿರಿ ಸ್ವಾಮಿ. ಅಲ್ಲಿ ನಮ್ಮತ್ತೆ ಮೇಜಿನ ಮೇಲೆ ನಡುಗ್ತಿದ್ದಾರೆ. ನಾನು ಏಣಿ ತಗೊಂಡೆ, ಇಗೋ ಸೌಟು.”

ತದನಂತರ ಉಗ್ರಾಣದ ಕಿಟಕಿ ಒಡೆಯಲಾಯಿತು. ಸೌಟನ್ನು ಅದರಲ್ಲಿ ಉಳಿದ ಸರಳಿಗೆ ನೇತುಹಾಕಲಾಯಿತು. ಅಟ್ಟ ಸೇರಿದ ಅತ್ತೆಯವರು, “ಆ ಆಫೀಸಿನವರಿಗೆ ಈಜೂ ಬರಲ್ಲ ಕಣೇ, ಪಾಪ. ಹೋಗಿ ಹತ್ತಿಸಿ ಬಾ” ಎಂದು ಅಪ್ಪಣೆ ಮಾಡಿದ್ದರಿಂದ, ಕಚೇರಿಯೊಳಗೆ ಬೀರುಗಳ ಮೇಲೆ ನಿಂತಿದ್ದ ಹನ್ನೊಂದು ಸಿಬ್ಬಂದಿಯನ್ನು ಅದೇ ಏಣಿಯಿಂದ ಛಾವಣಿಗೆ ಸಾಗಿಸಲಾಯಿತು.

ಈ ಹಿನ್ನೆಲೆಯಲ್ಲಿ ಎಲ್ಲರ ಗಮನಕ್ಕೆ ತರಲಾಗುವುದೇನೆಂದರೆ:

1. ಕಿಟಕಿ ಒಡೆದದ್ದು ಅಪರಾಧ. ಆದರೆ ಸಿಬ್ಬಂದಿಯೆಲ್ಲ ಅದೇ ಕಿಟಕಿಯಿಂದ ಹೊರಬಂದಿರುವುದರಿಂದ, ಸದರಿ ಕಿಟಕಿಯನ್ನು ಪೂರ್ವಾನ್ವಯವಾಗುವಂತೆ ಬಾಗಿಲೆಂದು ಪರಿಗಣಿಸತಕ್ಕದ್ದು.

2. ನಮೂನೆ-6 ಅನ್ನು ಇನ್ನು ಮುಂದೆ ನೀರು ತಾಗದ ಬಟ್ಟೆಯಲ್ಲಿ ಹೊಲಿಸತಕ್ಕದ್ದು. ಹೊಲಿಯಬಲ್ಲವರು ಓಣಿಯಲ್ಲಿ ಒಬ್ಬರೇ. ಅವರನ್ನು ಕೇಳಲಾಗಿ ನಕ್ಕಿರುತ್ತಾರೆ. ಆದ್ದರಿಂದ ನಮೂನೆ-6 ರದ್ದು.

3. ಸಾಕ್ಷ್ಯವಾಗಿ ವಶಪಡಿಸಿಕೊಂಡ ಸೌಟನ್ನು ಸಿಬ್ಬಂದಿ ಮೂರು ದಿನ ತಮ್ಮ ಊಟಕ್ಕೆ ಬಳಸಿದ್ದು, ಆ ಅವಧಿಯಲ್ಲಿ ಅತ್ತೆಯವರಿಗೆ ಲೋಟದಲ್ಲಿ ಸಾರು ಬಡಿಸಲಾಗಿರುತ್ತದೆ. ಅಧೀಕ್ಷಕರು ಸೌಟನ್ನು ಖುದ್ದಾಗಿ ತೊಳೆದು, ನಡೆದುಕೊಂಡೇ ಹೋಗಿ ಹಿಂದಿರುಗಿಸತಕ್ಕದ್ದು. ಸಾಕ್ಷಿಗೆ ಯಾರನ್ನೂ ಕರೆದೊಯ್ಯತಕ್ಕದ್ದಲ್ಲ. ಅತ್ತೆಯವರು ಏನು ಅಂದರೂ ಒಬ್ಬರೇ ಕೇಳಿಸಿಕೊಳ್ಳತಕ್ಕದ್ದು.

4. ಏಣಿಯು ಹೊಲಿಗೆಯಕ್ಕನ ಗೋಡೆಯ ಬಳಿಯೇ ಇರತಕ್ಕದ್ದು. ಇದನ್ನು ಕಚೇರಿ ಮಾಡಿದ ಉಪಕಾರವೆಂದು ವರದಿಯಲ್ಲಿ ಬರೆಯತಕ್ಕದ್ದಲ್ಲ.

5. ಏಣಿ ಬೇಕಾದಾಗ ಕಚೇರಿಯೂ ಸೌಟು ನೇತುಹಾಕತಕ್ಕದ್ದು. ಸೌಟಿನ ಬದಲು ಮೊಹರು ನೇತುಹಾಕುವ ಪ್ರಸ್ತಾವವನ್ನು ಓಣಿಯವರು ತಿರಸ್ಕರಿಸಿದ್ದಾರೆ. ಕಾರಣ: ಮೊಹರಿಲ್ಲದಿದ್ದರೆ ಯಾರ ಊಟವೂ ನಿಲ್ಲುವುದಿಲ್ಲ.

6. ಕಚೇರಿಗೆ ಸ್ವಂತ ಸೌಟಿಲ್ಲ. ಖರೀದಿಗೆ ಮೂರು ದರಪಟ್ಟಿಗಳು ಬೇಕು. ಛಾವಣಿಯ ಮೇಲೆ ಒಣಗಲು ಹಾಕಿರುವ ಕಡತಗಳನ್ನು ಇಳಿಸುವುದು ಅಲ್ಲಿಯವರೆಗೆ ಕಾಯುವಂತಿಲ್ಲ. ಮೋಡ ಮತ್ತೆ ಕವಿಯುತ್ತಿದೆ. ಆದಕಾರಣ ಅಧೀಕ್ಷಕರು ಬದಲಿ ವ್ಯವಸ್ಥೆ ಮಾಡಿರುತ್ತಾರೆ.

ಸಹಿ/-
ಅಧೀಕ್ಷಕರು
(ಛಾವಣಿಯಿಂದ)

ಪ್ರತಿಗಳು:
1. ಹೊಲಿಗೆಯಕ್ಕನಿಗೆ, ತೊಳೆದ ಸೌಟಿನೊಂದಿಗೆ.
2. ಅವರ ಅತ್ತೆಯವರಿಗೆ. ಕಿವಿ ಮಂದವಿರುವುದರಿಂದ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಕಂಡಿಕೆ 3 ಅನ್ನು ಎರಡು ಸಲ.
3. ಉಗ್ರಾಣ ಪಾಲಕರಿಗೆ, ಬೀಗದ ಕೈ ಹುಡುಕುವುದನ್ನು ನಿಲ್ಲಿಸಲು.
4. ಅಧೀಕ್ಷಕರ ಪತ್ನಿಯವರಿಗೆ: ಮನೆಯ ಸೌಟು ಕಳುವಾಗಿಲ್ಲ, ಹೊಲಿಗೆಯಕ್ಕನ ಮೊಳೆಯಲ್ಲಿದೆ. ಊಟದ ಹೊತ್ತಿಗೆ ತರಲಾಗುವುದು.